ಪಿನ್ನು ಬಗ್ಗಿಸಿದ್ದು ಯಾರು

ಹುವಾರೆಸ್ ಪಟ್ಟಣದ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಮದರ್‌ಬೋರ್ಡು ಪರೀಕ್ಷಿಸಿದ್ದ ಮಕ್ರೀನಾ, ಮೆಕ್ಸಿಕೊ ನಗರದ ಕಂಪ್ಯೂಟರ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ ಬೀರುವಿನಷ್ಟು ಅಗಲದ ಮಳಿಗೆ ಹಿಡಿದಾಗ ಸುತ್ತಲಿನವರು ನಕ್ಕಿದ್ದರು. ಪ್ರೊಸೆಸರ್ ಕೂರುವ ಚೌಕದಲ್ಲಿ ಸಾವಿರಕ್ಕೂ ಮಿಕ್ಕಿ ಪಿನ್ನುಗಳು, ಒಂದೊಂದೂ ಕೂದಲೆಳೆಯಂಥವು. ಪ್ರೊಸೆಸರ್ ಕೈಜಾರಿ ಬಿದ್ದರೆ ಹತ್ತಾರು ಪಿನ್ನು ಮಲಗಿಬಿಡುತ್ತವೆ, ಬೋರ್ಡು ಸತ್ತ ಹಾಗೆಯೇ. ಅಂಥದ್ದನ್ನು ಅವಳು ಭೂತಗನ್ನಡಿಯ ಕೆಳಗಿಟ್ಟು, ಹೊಲಿಗೆ ಸೂಜಿಯಿಂದ ಒಂದೊಂದೇ ಎಬ್ಬಿಸಿ ನಿಲ್ಲಿಸುತ್ತಿದ್ದಳು. ವರ್ಷದೊಳಗೆ ನಕ್ಕವರೇ ಬೋರ್ಡು ಹಿಡಿದು ಬಂದರು. ಪಕ್ಕದ ಮಳಿಗೆಯ ಇಲಾರಿಯೊನಂತೂ ವಾರಕ್ಕೆರಡು ಸಲ.

ಒಂದು ಮಂಗಳವಾರ ಮಧ್ಯಾಹ್ನ ಅವಳು ಊಟಕ್ಕೆ ತಂದ ತಮಾಲೆ ಕಡುಬಿನ ಎಲೆ ಬಿಚ್ಚುತ್ತಿದ್ದಳು. ಇಬ್ಬರು ಅಣ್ಣತಮ್ಮಂದಿರು ಒಳನುಗ್ಗಿದರು. ಇಂಟರ್ನೆಟ್ ಅಂಗಡಿ ನಡೆಸುವವರು. ದೊಡ್ಡವನು ಬೋರ್ಡನ್ನು ಅವಳ ಮುಖದ ಮುಂದೆ ಹಿಡಿದ.

"ಪಿನ್ನೆಲ್ಲ ಬಗ್ಗಿಸಿ ಇಟ್ಟಿದ್ದೀಯಲ್ಲೇ, ಕಳ್ಳಿ!"

"ನಾನು ನೆಟ್ಟಗೆ ಮಾಡೇ ಕೊಟ್ಟಿದ್ದೆ. ಪ್ರೊಸೆಸರ್ ಕೂರಿಸಿದ್ದು ಯಾರು, ಅವರನ್ನ ಕೇಳಿ."

ಮಾತು ಮುಗಿಯುವ ಮೊದಲೇ ಅವನು ಜುಟ್ಟು ಹಿಡಿದು ಅವಳ ಮುಖವನ್ನು ಗಾಜಿನ ಕೌಂಟರಿಗೆ ಅಪ್ಪಳಿಸಿದ. ಎರಡನೇ ಏಟಿಗೆ ಗಾಜು ಒಡೆಯಿತು. ಕೈಗೆ ಸಿಕ್ಕಿದ್ದು ಚಿಮುಟ. ಅದನ್ನೇ ಅವಳು ಅವನ ಮುಂಗೈಗೆ ಬುಡದವರೆಗೆ ಇಳಿಸಿದಳು. ಅವನು ಅರಚಿದ. ತಮ್ಮ ಅವಳನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದೆಯುತ್ತಲೇ ಇದ್ದ. ರಕ್ತ ತುಂಬಿದ ಕಣ್ಣಿಗೆ ಕೊನೆಗೆ ಕಂಡದ್ದು ಇಲಾರಿಯೊನ ಷಟರ್ ಸದ್ದಿಲ್ಲದೆ ಕೆಳಗಿಳಿದದ್ದು.

ಎಡಗಣ್ಣು ಹೋಯಿತು.

ಆಸ್ಪತ್ರೆಯಿಂದ ಬಂದವಳಿಗೆ ಸೂಜಿಯ ಮೊನೆ ಎಲ್ಲಿದೆ, ಪಿನ್ನು ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಮುಟ್ಟಿತೆಂದುಕೊಂಡರೆ ಗಾಳಿ, ಇನ್ನೂ ದೂರವಿದೆಯೆಂದುಕೊಂಡರೆ ಪಿನ್ನು ಮುರಿದೇ ಹೋಗಿರುತ್ತಿತ್ತು. ನಾಲ್ಕು ತಿಂಗಳು ಹಾಳು ಬೋರ್ಡುಗಳ ಮೇಲೆ ಕೈ ಪಳಗಿಸಿದಳು. ದೀಪವನ್ನು ಓರೆಯಾಗಿಟ್ಟರೆ ನೆಟ್ಟಗಿರುವ ಪಿನ್ನುಗಳ ತುದಿ ಸಾಲಾಗಿ ಹೊಳೆಯುತ್ತದೆ, ಬಾಗಿದ್ದು ಕಪ್ಪಗಿರುತ್ತದೆ. ಉಳಿದದ್ದು ಬೆರಳಿಗೆ ಬಿಟ್ಟದ್ದು. ಇಲಾರಿಯೊ ದಿನಾ ಬೆಳಿಗ್ಗೆ ಕಾಫಿ ತಂದಿಡುತ್ತಿದ್ದ.

"ಹೇಗಿದ್ದೀರಿ ದೋನ್ಯಾ ಮಕ್ರೀನಾ? ಕಾಲ ಕೆಟ್ಟೋಯ್ತು ನೋಡಿ."

ಅವಳಿಗೆ ಅವನ ಮೇಲೆ ಅನುಮಾನವಿತ್ತು. ಆದರೂ ಕಾಫಿ ಕುಡಿಯುತ್ತಿದ್ದಳು.

ಎರಡು ವರ್ಷದ ಮೇಲೆ ಆ ದೊಡ್ಡವನು ಒಬ್ಬನೇ ಬಂದ, ಕಂಕುಳಲ್ಲಿ ಬೋರ್ಡು. ತಲೆಯೆತ್ತಲಿಲ್ಲ.

"ಇದು ನಿಮ್ಮ ಕೈಲೇ ಆಗೋದಂತೆ, ಸೆನ್ಯೋರಾ. ಎಲ್ಲ ಕಡೆ ಕೇಳಿದೆ."

ಮುಂಗೈಯ ಗಾಯದ ಗುರುತನ್ನು ಅವಳು ನೋಡಿದಳು. "ಚಳಿಗೆ ನೋಯುತ್ತಾ?"

"ಎರಡು ಬೆರಳು ಮಡಚೋಕಾಗಲ್ಲ."

"ಚೆನ್ನಾಗಾಯ್ತು. ಅವತ್ತು ನಾನೇ ಬಗ್ಗಿಸಿದ್ದು ಅಂತ ಯಾರು ಹೇಳಿದ್ದು?"

ಅವನು ಪಕ್ಕದ ಗೋಡೆಯತ್ತ ಗದ್ದ ಎತ್ತಿ ತೋರಿಸಿದ. "ಇಲಾರಿಯೊ. ನೀವು ಕುಡ್ಕೊಂಡು ಕೆಲಸ ಮಾಡ್ತೀರಿ ಅಂದ. ನಾನು ನಂಬಿದೆ... ಕ್ಷಮಿಸಿ."

"ಕ್ಷಮೆ ಗಿಮೆ ಆಮೇಲೆ. ಕೂತ್ಕೋ."

ಹದಿನಾಲ್ಕು ಪಿನ್ನು ಮಲಗಿದ್ದವು. ಒಂದೂವರೆ ಗಂಟೆ ಹಿಡಿಯಿತು. ಸೂಜಿ ಒಮ್ಮೆಯೂ ನಡುಗಲಿಲ್ಲ. ಬೋರ್ಡು ಅವನ ಕೈಗಿಟ್ಟು, ಷಟರ್ ಎಳೆಯುವ ಕಬ್ಬಿಣದ ಕೊಕ್ಕೆಗೋಲು ಎತ್ತಿಕೊಂಡು ಅವಳು ಪಕ್ಕದ ಮಳಿಗೆಗೆ ನಡೆದಳು.

ಇಲಾರಿಯೊ ನಗುತ್ತ ಎದ್ದು ನಿಂತ. ಮೊದಲ ಏಟಿಗೆ ಕತ್ತಿನ ಬುಡದ ಮೂಳೆ ಲಟಕ್ಕೆಂದಿತು. ಎರಡನೆಯದು ಮಂಡಿಗೆ. ಬಿದ್ದವನ ಬೆನ್ನ ಮೇಲೆ ಮೂರು, ನಾಲ್ಕು. ಕಪಾಟುಗಳ ಬೋರ್ಡುಗಳೆಲ್ಲ ಅವನ ಮೇಲೆ ಉರುಳಿದವು. ಬಾಗಿಲಲ್ಲಿ ಜನ ಸೇರಿದರು, ಒಬ್ಬರೂ ಒಳಗೆ ಕಾಲಿಡಲಿಲ್ಲ. ಅವಳು ಕೋಲನ್ನು ಅವನ ಕಣ್ಣಿನ ನೇರಕ್ಕೆ ಹಿಡಿದಳು.

"ಯಾಕೋ ಹೇಳ್ದೆ?"

"ಪ್ರೊಸೆಸರ್ ಕೂರಿಸೋವಾಗ ಕೈಜಾರಿ ಬಗ್ಗಿಸಿದ್ದು ನಾನೇ. ಗೊತ್ತಾಗಿದ್ರೆ ಅವರು ನನ್ನನ್ನೇ ಹೊಡೀತಿದ್ರು, ದೋನ್ಯಾ," ಅವನು ಮಗುವಿನಂತೆ ಬಿಕ್ಕಿದ. "ಹೆದರಿಬಿಟ್ಟೆ. ನಿಮ್ಮ ಹೆಸರು ಬಾಯಿಗೆ ಬಂತು."

ಏನೇನೋ ಕಾರಣ ಇರಬಹುದೆಂದು ಎರಡು ವರ್ಷ ಲೆಕ್ಕ ಹಾಕಿದ್ದಳು. ವ್ಯಾಪಾರದ ಹೊಟ್ಟೆಕಿಚ್ಚು, ಮಳಿಗೆಯ ಮೇಲಿನ ಆಸೆ. ಇಷ್ಟು ಸಣ್ಣದೆಂದು ಎಣಿಸಿರಲಿಲ್ಲ. ಕೋಲನ್ನು ಅವನ ತಲೆಯ ಪಕ್ಕದ ನೆಲಕ್ಕೆ ಬೀಸಿ, ಅಲ್ಲೇ ಬಿಟ್ಟು ಹೊರಬಂದಳು.

ಪೊಲೀಸರು ಅವಳನ್ನು ಎರಡು ದಿನ ಒಳಗಿಟ್ಟರು. ಇಲಾರಿಯೊ ದೂರು ಕೊಡಲಿಲ್ಲ. ಗಾಯ ಮಾಯುವ ಮುಂಚೆಯೇ ಮಳಿಗೆ ಮಾರಿ ಊರು ಬಿಟ್ಟ. ಅಲ್ಲೀಗ ಒಬ್ಬಳು ಫೋನಿನ ಕವಚ ಮಾರುತ್ತಾಳೆ.

ಮಕ್ರೀನಾ ಬಿಡುಗಡೆಯಾಗಿ ಬಂದ ದಿನ ಎದುರಿನ ಹಣ್ಣಿನ ರಸದ ಅಂಗಡಿಯ ಚೋನಾ ಲೋಟ ತುಂಬಿಸಿ ಕೊಟ್ಟು ಕೇಳಿದಳು: "ಈಗಲಾದ್ರೂ ಹೊಟ್ಟೆ ತಣ್ಣಗಾಯ್ತೇನೇ?"

"ಇಲ್ಲ ಕಣೇ. ಭುಜ ಹಿಡ್ಕೊಂಡಿದೆ, ಅಷ್ಟೆ," ಎಂದಳು ಮಕ್ರೀನಾ. ಕೌಂಟರಿನ ಮೇಲೆ ಆರು ಬೋರ್ಡುಗಳು ಕಾಯುತ್ತಿದ್ದವು.