ಚನ್ನಲಿಂಗಪ್ಪನವರ ಮೂರು ಮೂಲಗಳು

ದೊಡ್ಡಆಲಹಳ್ಳಿಯಲ್ಲಿ ಸುಳ್ಳು ಸುದ್ದಿ ಮೊದಲೂ ಇತ್ತು. ಅದಕ್ಕೆ ಮುದ್ರೆ ಒತ್ತಿ ಕೊಡುವವರು ಮಾತ್ರ ಇರಲಿಲ್ಲ. ಆ ಕೊರತೆಯನ್ನು ನೀಗಿಸಿದವರು ನಮ್ಮ ಪಕ್ಕದ ಮನೆಯ ಚನ್ನಲಿಂಗಪ್ಪನವರು.

ಮೂವತ್ತು ವರ್ಷ ಹಾಲಿನ ಡೇರಿಯ ಕಾರ್ಯದರ್ಶಿಯಾಗಿದ್ದವರು. ಹಾಲಿಗೆ ಒಂದು ಲೋಟ ನೀರು ಬೆರೆತಿದ್ದರೂ ಹಿಡಿದು ಕ್ಯಾನು ವಾಪಸ್ ಕಳಿಸುತ್ತಿದ್ದರು. ಸ್ವಂತ ಬೀಗರನ್ನೂ ಬಿಟ್ಟವರಲ್ಲ. ಹಾಗಾಗಿ ಊರಿಗೆ ಅವರ ಮಾತಿನ ಮೇಲೆ ನಂಬಿಕೆ. ನಿವೃತ್ತರಾದ ಮೇಲೆ ಕನಕಪುರದಲ್ಲಿ ನಡೆದ ಸುದ್ದಿ ಸಾಕ್ಷರತೆಯ ಒಂದು ದಿನದ ಶಿಬಿರಕ್ಕೆ ಹೋಗಿಬಂದರು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದರು. ಅಲ್ಲಿ ಕಲಿಸಿದ್ದರಲ್ಲಿ ಅವರ ತಲೆಯಲ್ಲಿ ಉಳಿದದ್ದು ಒಂದೇ: ಯಾವ ಸುದ್ದಿಯನ್ನೂ ಮೂರು ಕಡೆ ವಿಚಾರಿಸದೆ ನಂಬಬಾರದು. ದಿನಾಂಕ ನೋಡುವ ಪಾಠ ಮಧ್ಯಾಹ್ನದ ಊಟದ ನಂತರವಿತ್ತು. ಹೋಳಿಗೆ ಊಟ; ಆ ಹೊತ್ತಿಗೆ ಅವರಿಗೆ ಜೊಂಪು ಹತ್ತಿತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಅವರ ಫೋನಿಗೆ ಒಂದು ನೋಟೀಸಿನ ಫೋಟೊ ಬಂತು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಮುಷ್ಕರದಿಂದಾಗಿ ಮುಂದಿನ ಆದೇಶದವರೆಗೆ ಬಂದ್ ಎಂದು ಅದರಲ್ಲಿತ್ತು. ಚನ್ನಲಿಂಗಪ್ಪನವರು ಸುಮ್ಮನೆ ನಂಬುವ ಆಸಾಮಿಯೇ? ‘ಇದು ನಿಜವೇ?’ ಎಂದು ಕೇಳಿ ಅದನ್ನು ಮೂವರು ನೆಂಟರಿಗೆ ಕಳಿಸಿದರು. ನೆಂಟರು ಪ್ರಶ್ನೆಯನ್ನು ಬಿಟ್ಟು ಫೋಟೊವನ್ನಷ್ಟೇ ತಮ್ಮ ತಮ್ಮ ಗುಂಪುಗಳಿಗೆ ದಾಟಿಸಿದರು. ಸಂಜೆಯೊಳಗೆ ಅದೇ ಫೋಟೊ ಮಾಗಡಿ, ಹಾರೋಹಳ್ಳಿ, ಚನ್ನಪಟ್ಟಣ ಸುತ್ತಿಕೊಂಡು ಮೂರು ಕಡೆಯಿಂದ ಅವರಿಗೇ ವಾಪಸ್ ಬಂತು. ಒಂದೇ ಹಸುವಿನ ಹಾಲನ್ನು ಮೂರು ಕ್ಯಾನಿಗೆ ಸುರಿದು ಮೂರು ಹಸುವಿನದೆಂದು ತಂದವನನ್ನು ಡೇರಿಯಲ್ಲಿ ಅವರು ಓಡಿಸಿಬಿಡುತ್ತಿದ್ದರು. ಇಲ್ಲಿ ಮಾತ್ರ ಮೂರು ಮೂಲ ಸಿಕ್ಕಿತೆಂದು ಹಿಗ್ಗಿದರು.

ಹೆಂಡತಿ ಬಸವಲಿಂಗಮ್ಮ ಅಕ್ಕಿ ಆರಿಸುತ್ತಾ, “ಮಾರ್ಕೆಟ್ಗೇ ಒಂದ್ ಫೋನ್ ಮಾಡಿ ಕೇಳ್ಬಾರ್ದಾ?” ಎಂದರು.

“ಅದು ಒಂದೇ ಮೂಲ ಆಯ್ತದೆ ಕಣೆ. ನಂತಾವ ಮೂರೈತೆ,” ಎಂದರು ಇವರು. ಫೋಟೊದ ಕೆಳಗೆ ‘ಪರಿಶೀಲಿಸಲಾಗಿದೆ’ ಎಂದು ಬರೆದು, ತಮ್ಮ ಹೆಸರು ಹಾಕಿ, ಊರಿನ ಗುಂಪಿಗೆ ಬಿಟ್ಟರು.

ಮಾರನೆಯ ದಿನ ಎದುರುಮನೆಯ ಅಂಕಮ್ಮ ಗೂಡು ಮಾರಲು ಹೊರಟಿದ್ದಳು. ಗಂಡನಿಲ್ಲದ ಹೆಂಗಸು, ಗುತ್ತಿಗೆ ತೋಟದ ಸೊಪ್ಪಿನಲ್ಲಿ ಹುಳು ಸಾಕಿದ್ದಳು. ಆ ಬೆಳೆ ಮಾರಿಯೇ ಮಗಳು ಸುಮನಾಳನ್ನು ನರ್ಸಿಂಗ್‌ಗೆ ಸೇರಿಸಬೇಕಿತ್ತು. ಬಿಡಿಸಿದ ಗೂಡು ಹೆಚ್ಚು ದಿನ ಕಾಯುವುದಿಲ್ಲ. ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬಂದರೆ ಅದರಿಂದ ನೂಲು ಬಿಚ್ಚಲಾಗದು. ಗೂಡಿನ ಚೀಲ ಆಟೋಗೆ ಏರಿಸಿದ್ದವಳು ಒಂದು ಮಾತು ಕೇಳೋಣವೆಂದು ಚನ್ನಲಿಂಗಪ್ಪನವರ ಜಗಲಿಗೆ ಬಂದಳು.

“ನಾನೇ ಚೆಕ್ ಮಾಡಿವ್ನಿ ಕಣವ್ವ. ಸುಮ್ಕೆ ಬಾಡಿಗೆ ದಂಡ,” ಎಂದರು ಇವರು. ಅಂಕಮ್ಮ ಚೀಲ ಇಳಿಸಿದಳು.

ನಾಲ್ಕನೆಯ ದಿನ ಮುದುಕ ಸಿದ್ದಯ್ಯ ಬಸ್ಸಿಳಿದ. ಅವನದು ಗುಂಡಿ ಒತ್ತುವ ಫೋನು. ಅವನನ್ನು ಯಾವ ಗುಂಪಿಗೂ ಸೇರಿಸಿಕೊಂಡಿರಲಿಲ್ಲ. ಬಂದ್ ಎಂದು ಗೊತ್ತಿಲ್ಲದ ಅಜ್ಞಾನಿ ನೇರ ರಾಮನಗರಕ್ಕೆ ಹೋಗಿ, ಗೂಡು ಮಾರಿ, ಚನ್ನಪಟ್ಟಣದ ಮಗಳ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದ.

“ಬಂದಾ? ಯಾರ್ಲಾ ಹೇಳ್ದೋರು? ಕಾಲಿಡಕ್ಕೆ ಜಾಗ ಇರ್ನಿಲ್ಲ,” ಎಂದ, ಬಂದ್ ಆಗಿತ್ತಲ್ಲ ಎಂದು ಕೇಳಿದವರಿಗೆ.

ಮಾತು ಕಿವಿಗೆ ಬಿದ್ದ ಚನ್ನಲಿಂಗಪ್ಪನವರು ಅಂಕಮ್ಮನ ಮನೆಗೆ ಓಡಿದರು. ನಾನೂ ಹಿಂದೆಯೇ ಹೋದೆ. ನಡುಮನೆಯ ತುಂಬ ಬಿಳಿ ಚಿಟ್ಟೆಗಳು ರೆಕ್ಕೆ ಬಡಿಯುತ್ತಾ ಹರಿದಾಡುತ್ತಿದ್ದವು. ಸುಮನಾ ಫೋನಿನಲ್ಲಿದ್ದ ಆ ನೋಟೀಸನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ, ಮೂಲೆಯಲ್ಲಿದ್ದ ದಿನಾಂಕವನ್ನು ಅವರ ಮುಖಕ್ಕೆ ಹಿಡಿದಳು. ಮೂರು ವರ್ಷ ಹಳೆಯದು. ನನಗೆ ಅವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

“ಮೂರ್ ಕಡೆ ಕೇಳಿದ್ದೆ ಕಣವ್ವ,” ಎಂದು ಅವರು ತೊದಲಿದರು.

ಅಂಕಮ್ಮ ಬೈಯಲಿಲ್ಲ. ತೂತು ಬಿದ್ದ ಗೂಡುಗಳನ್ನು ಮೊರಕ್ಕೆ ಆರಿಸಿ ಹಾಕುತ್ತಾ ಅಂದಳು: “ಊರೋರೆಲ್ಲ ಬಂದ್ ಅಂದ್ರು ಕಣಣ್ಣ, ಅವ್ರ ಮಾತ ನಂಬ್ನಿಲ್ಲ. ಆಟೋಗೆ ಚೀಲ ಏರ್ಸೇಬುಟ್ಟಿದ್ದೆ. ನೀನೊಬ್ಬ ಹೇಳ್ದೆ ಅಂತ ಇಳಿಸ್ದೆ.”