ಮಾಮಾ ದರ ಇಳಿಸಲಾಗದ ದಿನ

ಈ ಬರಹದ ಮೂಲಕ ಓದುಗರ ಗಮನಕ್ಕೆ ತರಬಯಸುವುದೇನೆಂದರೆ, ಕಳೆದ ವರ್ಷ ನನ್ನ ಮೊದಲ ಕಾರನ್ನು ಖರೀದಿಸಲು ಬೆಳಗಾವಿಯ ಷೋರೂಮೊಂದಕ್ಕೆ ಹೋದಾಗ ಕಂಡ ಸಂಗತಿಯಿಂದ ನಾನು ಇಂದಿಗೂ ಚೇತರಿಸಿಕೊಂಡಿರುವುದಿಲ್ಲ. ಖಾನಾಪುರದ ಕಚೇರಿಯೊಂದರಲ್ಲಿ ಟಿಪ್ಪಣಿ ಬರೆಯುವುದಷ್ಟೇ ನನಗೆ ರೂಢಿ. ಸ್ವಂತದ್ದನ್ನು ಬರೆಯುವುದು ಇದೇ ಮೊದಲಾದ್ದರಿಂದ, ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಆ ದಿನ ನನ್ನ ಜೊತೆಗೆ ಬಂದವರು ನನ್ನ ಸೋದರಮಾವ. ದನದ ಸಂತೆಯಲ್ಲಿ ದಲಾಲಿ ಮಾಡಿ ಹೆಸರಾದವರು. ಆ ಸಂತೆಯಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಒಂದೇ ಟವೆಲ್ಲಿನ ಅಡಿಯಲ್ಲಿ ಕೈ ಸೇರಿಸಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ದರ ತಿಳಿಸುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ಹೊಂದದಿದ್ದರೆ ಮಾಮಾ ಟವೆಲ್ ಕೊಡವಿ, ಹೆಗಲಿಗೆ ಹಾಕಿಕೊಂಡು ನಡೆದುಬಿಡುತ್ತಿದ್ದರು. ಹಿಂದಿನಿಂದ ಕರೆ ಬಂದೇ ಬರುತ್ತಿತ್ತು. ನಮ್ಮ ಮನೆಯ ಫ್ರಿಜ್, ಮದುವೆಯ ಸೀರೆಗಳು, ಅಣ್ಣನ ಬೈಕು ಎಲ್ಲವೂ ಹೀಗೆ ಎದ್ದುಹೋಗಿ, ಕರೆಸಿಕೊಂಡು ತಂದವೇ ಆಗಿವೆ. ನಮ್ಮ ಓಣಿಯಲ್ಲಿ ಹೊಸ ವಸ್ತು ಬಂದರೆ ಅದು ಹೇಗಿದೆಯೆಂದು ಯಾರೂ ವಿಚಾರಿಸುವುದಿಲ್ಲ. ಮಾಮಾ ಎಷ್ಟು ಇಳಿಸಿದರು ಎಂದೇ ಕೇಳುತ್ತಾರೆ. ಸಂತೆ ಬಿಟ್ಟ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆ ಆ ಪ್ರಶ್ನೆಯೊಂದೇ.

ಷೋರೂಮಿನ ಸೇಲ್ಸ್‌ಮನ್ ಟ್ಯಾಬ್ ತೋರಿಸಿ, "ದರ ಎಲ್ಲಾರಿಗೂ ಇದ ಐತ್ರಿ. ಕಂಪನಿಯವರ ಹಾಕಿದ್ದು, ನಮಗ ಇಳಸಾಕ ಬರಂಗಿಲ್ರಿ" ಎಂದರು.

ಮಾಮಾ ನಕ್ಕರು. "ತಮ್ಮಾ, ಈ ಮಾತು ನಾ ಸಂತ್ಯಾಗ ಭಾಳ ಕೇಳೀನಿ. ಕೈ ಕೊಡು ಇಲ್ಲೆ."

ನಾನು ತಡೆಯುವಷ್ಟರಲ್ಲಿ ಸೇಲ್ಸ್‌ಮನ್‌ರ ಕೈ ಹಿಡಿದು, ಮೇಲೆ ಟವೆಲ್ ಹೊದಿಸಿಯೇಬಿಟ್ಟರು.

"ಏನ್ರೀ ಕಾಕಾ, ಜಾದೂ ಮಾಡ್ತೀರೇನು?"

"ಬೆರಳ ಆಡಸಪಾ!"

"ಏನ್ ಆಡಸಲ್ರೀ? ಮೊದಲ ಮ್ಯಾನೇಜರ್‌ನ ಕೇಳಿ ಒಂದೀಟು ಬಿಡತಿದ್ವಿ. ಈಗ ಅವರಿಗೂ ಅಧಿಕಾರ ಇಲ್ಲ."

"ಸೀಟ್ ಕವರ್ ಆದ್ರೂ ಕೊಡ್ತೀಯೋ ಇಲ್ಲೋ?"

"ಅದಕ್ಕೂ ಬ್ಯಾರೆ ದರ ಹಾಕ್ಯಾರ್ರೀ."

ಮಾಮಾ ಟವೆಲ್ ಕೊಡವಿದರು. "ಏಳವ್ವಾ, ಹೋಗೂಣು" ಎಂದು ನನಗೆ ಹೇಳಿ, ನನ್ನನ್ನು ಕಾಯದೆ ಗಾಜಿನ ಬಾಗಿಲು ದಾಟಿದರು.

ಯಾರೂ ಕರೆಯಲಿಲ್ಲ. ಗಾಜಿನಾಚೆ ಬಿಸಿಲಿನಲ್ಲಿ, ನಮಗೆ ಬೆನ್ನು ಮಾಡಿ, ಮಾಮಾ ಹೆಗಲ ಮೇಲಿನ ಟವೆಲ್ಲನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತ ನಿಂತಿದ್ದರು. ಅವರು ಕಾಯುತ್ತಿದ್ದಾರೆಂದು ನನಗೊಬ್ಬಳಿಗೇ ಗೊತ್ತಿತ್ತು.

"ದಯಮಾಡಿ ಒಂದ ಸಲ ಕರೀರಿ ಅವರ್ನ" ಎಂದು ವಿನಂತಿಸಿಕೊಂಡೆ.

"ಕರೀತೀನ್ರೀ ಮೇಡಂ. ಆದ್ರ ದರ ಅಷ್ಟ."

ಅವರು ಹೋಗಿ ಕರೆದರು. ಮಾಮಾ ಗೆದ್ದ ಮುಖದಲ್ಲಿ ಒಳಬಂದು, "ಹೂಂ, ಈಗ ಹೇಳು" ಎಂದರು.

"ಅಷ್ಟ ರೀ ಕಾಕಾ."

ಮಾಮಾ ಕುರ್ಚಿಯಲ್ಲಿ ಕುಸಿದರು. ಅವರ ಮುಖ ಅಷ್ಟು ಬಿಳಿಚಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬಾಜು ಮೇಜಿನಲ್ಲಿ ಒಬ್ಬ ಹೆಣ್ಣುಮಗಳು ಅದೇ ಕಾರಿನ ಕಾಗದಗಳಿಗೆ ಸಹಿ ಮಾಡುತ್ತಿದ್ದಳು. ಮಾಮಾ ಅವಳತ್ತ ತಿರುಗಿದರು.

"ತಂಗೀ, ನಿನಗೆಷ್ಟು ಹೇಳ್ಯಾರ?"

ಅವಳು ಮೊಬೈಲ್ ತೋರಿಸಿದಳು. ಅದೇ ದರ.

"ಸಂಗಾಟ ಯಾರು ಬಂದಾರ?"

"ಯಾರೂ ಇಲ್ರೀ. ನಾ ಒಬ್ಬಾಕಿನ."

ಮಾಮಾ ಅವಳ ಪಕ್ಕದ ಖಾಲಿ ಕುರ್ಚಿಯತ್ತ ನೋಡಿದರು. ಆಮೇಲೆ ಸೇಲ್ಸ್‌ಮನ್‌ಗೆ ಮೆಲ್ಲಗೆ ಕೇಳಿದರು: "ಖರೇ ಹೇಳು ತಮ್ಮಾ. ಮೊದಲ ನನ್ನಂಥವ ಬಂದು ಇಳಸತಿದ್ದನಲ್ಲ, ಅದನ್ನ ಇಂಥಾ ಒಬ್ಬಾಕಿ ಬಂದಾಗ ಆಕೀ ಮ್ಯಾಲ ಹಾಕತಿದ್ರೇನು?"

"ಹಂಗೂ ಆಗತಿತ್ರೀ ಕಾಕಾ" ಎಂದು ಅವರು ತಲೆ ತಗ್ಗಿಸಿದರು.

ನನಗೆ ಸಿಡಿಲು ಬಡಿದಂತಾಯಿತು. ನಮ್ಮ ಮನೆಯ ಫ್ರಿಜ್ಜಿಗೆ, ಅಣ್ಣನ ಬೈಕಿಗೆ ಕಡಿಮೆಯಾದದ್ದನ್ನು ಬೇರೆ ಯಾರೋ ತುಂಬಿರಬಹುದೆಂದು ನಮ್ಮ ಮನೆಯಲ್ಲಿ ಯಾರೊಬ್ಬರೂ ಒಮ್ಮೆಯಾದರೂ ಯೋಚಿಸಿರಲಿಲ್ಲ. "ಸಹಿ ಹಾಕವ್ವಾ" ಎಂದರು ಮಾಮಾ. ಹಾಕಿದೆ.

ಕಾರು ಕೈಗೆ ಬರಲು ಇನ್ನೂ ಕೆಲವು ದಿನಗಳಿದ್ದುದರಿಂದ ಬಸ್ಸಿನಲ್ಲೇ ಖಾನಾಪುರಕ್ಕೆ ಮರಳುವಾಗ ದಾರಿಯುದ್ದಕ್ಕೂ ಅವರ ಪರವಾಗಿ ಒಂದು ಸುಳ್ಳು ಮೊತ್ತವನ್ನು ಸಿದ್ಧಪಡಿಸಿಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಚಹಾ ಅಂಗಡಿಯವನು ನಿರೀಕ್ಷೆಯಂತೆ ಕೂಗಿದ: "ಮಾಮಾ! ಎಷ್ಟು ಇಳಿಸಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮಾಮಾ, "ಒಂದ ಪೈಸಾ ಇಲ್ಲ" ಎಂದರು.

"ಚಾಷ್ಟಿ ಸಾಕ್ರಿ! ಖರೇ ಹೇಳ್ರಿ."

"ಖರೇನ ಹೇಳಾಕತ್ತೀನಿ. ಬಾಜೂಕ ಒಬ್ಬಾಕಿ ಬಂದಿದ್ಲು, ಹಿಂದ ಯಾರೂ ಇರಲಿಲ್ಲ. ಆಕೀಗೂ ಅಷ್ಟ, ನಮಗೂ ಅಷ್ಟ. ಚಲೋನ ಆತು. ಚಹಾ ಕೊಡು."

ಅಂಗಡಿಯವನ ನಗು ಅರ್ಧಕ್ಕೇ ನಿಂತಿತು. ಅವನು ಚಹಾ ಸೋಸತೊಡಗಿದ. ಮಾಮಾ ಬೆಂಚಿನ ಮೇಲೆ ಕುಳಿತು, ಹೆಗಲ ಟವೆಲ್ ತೆಗೆದು, ಎಲ್ಲರೆದುರು ಮುಖ ಒರೆಸಿಕೊಂಡರು.