ಹುರಿಗಡಲೆ ಬಣ್ಣ

ಯಲ್ಲದಕೆರೆಯ ತಿಪ್ಪಯ್ಯ ಮನೆಯ ಹಿತ್ತಲಲ್ಲೇ ಕುಲುಮೆ ಇಟ್ಟುಕೊಂಡು ಕುರಿಯ ಉಣ್ಣೆ ಕತ್ತರಿಸುವ ಕತ್ತರಿ ಮಾಡುವವನು. ಉಕ್ಕು ಕೆಂಪಗೆ ಕಾಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುತ್ತದೆ, ಆದರೆ ಗಾಜಿನ ಹಾಗೆ ಮುರಿಯುತ್ತದೆ. ಅದಕ್ಕೇ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಹದವಾಗಿ ಕಾಸಿ, ಅಲಗು ಹುರಿಗಡಲೆ ಬಣ್ಣಕ್ಕೆ ತಿರುಗಿದಾಗ ತೆಗೆಯಬೇಕು. ಅವನಪ್ಪ ಬಣ್ಣ ಹೋಲಿಸಲು ನಾಲ್ಕು ಗಡಲೆ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದ. ತಿಪ್ಪಯ್ಯ ಅದನ್ನು ಬಿಟ್ಟ. "ನಲವತ್ತು ವರ್ಷ ಆತು, ನನ್ನ ಕಣ್ಣಾಗೇ ಐತೆ ಗಡ್ಲೆ" ಎನ್ನುತ್ತಿದ್ದ. ಜಂಬದ ಮನುಷ್ಯ. ಜಂಬಪಡುವಷ್ಟು ಕೆಲಸವೂ ಬರುತ್ತಿತ್ತು ಅನ್ನಿ.

ಹೋದ ವರ್ಷ ಅವನ ಕತ್ತರಿ, ಕುರಿ ಸಾಕುತ್ತಿದ್ದ ಬಾಲ್ಯದ ಗೆಳೆಯ ಕರಿಸಿದ್ದಪ್ಪನ ಕೈಯಲ್ಲಿ ಉಣ್ಣೆ ಕತ್ತರಿಸುವಾಗ ಮುರಿದು ಅಂಗೈ ಸೀಳಿತು. ತಿಪ್ಪಯ್ಯ ಊರ ಕಟ್ಟೆಯಲ್ಲಿ ಎಲ್ಲರೆದುರೇ ಅಂದುಬಿಟ್ಟ: "ಕೈ ನಡುಗಿ ಕಲ್ಲಿಗೆ ಬಡಿದಿದ್ದೀಯ. ವಯಸ್ಸಾತು ಕಣೋ, ಸಾಕು ಬಿಡು." ಕರಿಸಿದ್ದಪ್ಪ ಬಟ್ಟೆ ಸುತ್ತಿದ ಕೈ ಹಿಡಿದುಕೊಂಡು ಮನೆಗೆ ಹೋದ. ಗಾಯ ಮಾಯಿತು. ಆದರೂ ಯುಗಾದಿಗೆ ಮೊದಲೇ ಕುರಿಯೆಲ್ಲ ಮಾರಿಬಿಟ್ಟ.

ಈ ವರ್ಷ ಹಿರಿಯೂರಿನಲ್ಲಿ ತಿಪ್ಪಯ್ಯನ ಕಣ್ಣಿನ ಪೊರೆ ತೆಗೆದರು. ಮನೆಗೆ ಬಂದವನೇ ಹೆಂಡತಿ ಉಚ್ಚಂಗಮ್ಮನನ್ನು ಕೇಳಿದ: "ಗೋಡೆಗೆ ಸುಣ್ಣ ಹೊಡಿಸಿದ್ಯಾ?"

"ಎಲ್ಲೀ ಸುಣ್ಣ! ಅದೇ ಗೋಡೆ. ನಿಮಗೆ ಇಷ್ಟು ದಿನ ಹಳದಿ ಕಾಣ್ತಿತ್ತು" ಎಂದು ಅವಳು ನಕ್ಕಳು.

ತಿಪ್ಪಯ್ಯ ನಗಲಿಲ್ಲ. ಡಬ್ಬದಿಂದ ಹಿಡಿ ಗಡಲೆ ತೆಗೆದುಕೊಂಡು ಹಿತ್ತಲಿಗೆ ಹೋದ. ಮುರಿದುಹೋದ ಆ ಕತ್ತರಿ ಮಾಡಿದ ದಿನವೇ ಮಾಡಿದ್ದ ಇನ್ನೊಂದು ಕತ್ತರಿ ಅಲ್ಲೇ ಮೊಳೆಗೆ ನೇತಾಡುತ್ತಿತ್ತು. ಅಲಗಿನ ಪಕ್ಕ ಗಡಲೆ ಹಿಡಿದು ನೋಡಿದ. ಅಲಗು ಇನ್ನೂ ಬೆಳ್ಳಗೇ ಇತ್ತು. ಪೊರೆಯ ಹಳದಿಯನ್ನೇ ಉಕ್ಕಿನ ಬಣ್ಣವೆಂದುಕೊಂಡು, ಹದ ಬರುವ ಮೊದಲೇ ಬೆಂಕಿಯಿಂದ ತೆಗೆದಿದ್ದ.

ಕತ್ತರಿ, ಗಡಲೆ ಎರಡನ್ನೂ ಹಿಡಿದುಕೊಂಡು ಕರಿಸಿದ್ದಪ್ಪನ ಮನೆಗೆ ಹೋದ. ಅವನು ಜಗಲಿಯ ಮೇಲೆ ಸುಮ್ಮನೆ ಕುಳಿತಿದ್ದ.

"ಸಿದ್ದಪ್ಪ, ತಪ್ಪು ನಂದು. ನೀನು ಕಲ್ಲಿಗೆ ಬಡಿದಿರಲಿಲ್ಲ. ಉಕ್ಕೇ ಹಸಿ ಇತ್ತು."

ಕರಿಸಿದ್ದಪ್ಪ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಬಡಿದ ನೆನಪು ನನಗೂ ಇರಲಿಲ್ಲ ತಿಪ್ಪಯ್ಯ. ಆದ್ರೆ ನೀನು ಹೇಳಿದ್ಮೇಲೆ ದಿಟಾನೇ ಇರ್ಬೇಕು, ಕೈ ಸೋತೈತೆ ಅಂದ್ಕಂಡೆ. ಅದಕ್ಕೇ ಮಾರಿದ್ದು."

ಎದುರಿಗೆ, ಕುರಿ ಕೂಡುತ್ತಿದ್ದ ರೊಪ್ಪದ ತುಂಬ ಈಗ ಹುಲ್ಲು ಬೆಳೆದಿತ್ತು. ತಿಪ್ಪಯ್ಯನ ಹೊಸ ಕಣ್ಣಿಗೆ ಅದರ ಒಂದೊಂದು ಎಸಳೂ ಕಾಣುತ್ತಿತ್ತು.